ಪರಸ್ಪರೋಪಗ್ರಹ: ಕೆರೆಯ ದಡದಲ್ಲೊಂದು ವಿಮರ್ಶೆ

ಡಾ. ಎಲ್. ಎಂ. ಸಿಂಘ್ವಿಯವರು ರಚಿಸಿದ, ಪ್ರಕೃತಿಯನ್ನು ಕುರಿತ ಜೈನ ಘೋಷಣೆಯನ್ನು 1990ರ ಅಕ್ಟೋಬರ್ 23ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜಕುಮಾರ ಫಿಲಿಪ್ ಅವರಿಗೆ ಸಮರ್ಪಿಸಲಾಯಿತು. ಜೈನ ತತ್ತ್ವವನ್ನು ಪರಿಸರದ ಪ್ರಶ್ನೆಯೊಡನೆ ಜೋಡಿಸಿ ಜಗತ್ತಿನ ಮುಂದಿಟ್ಟ ಈ ಕಿರುಹೊತ್ತಗೆಯ ಹಿರಿಮೆ ನಿರ್ವಿವಾದವಾದುದು. ಆದರೆ ಅದರಲ್ಲಿನ ಒಂದು ಅರ್ಥವಿವರಣೆಯು ಮರುಪರಿಶೀಲನೆಯನ್ನು ಬೇಡುತ್ತದೆ.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜೀವಗಳ ಪರಸ್ಪರ ಉಪಗ್ರಹವನ್ನು ಹೇಳುವ ಸೂತ್ರವಿದೆ. ಸಕಲ ಜೀವಿಗಳೂ ಒಂದಕ್ಕೊಂದು ಆಸರೆಯಾಗಿವೆ ಎಂದು ಘೋಷಣೆಯು ಅದನ್ನು ಗ್ರಹಿಸುತ್ತದೆ. ಈ ಅರ್ಥ ಮಧುರವಾದುದು, ಆದರೆ ಅಪೂರ್ಣ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಸ್ವಾಮಿ-ಸೇವಕ, ಗುರು-ಶಿಷ್ಯರ ದೃಷ್ಟಾಂತಗಳನ್ನಿತ್ತು ಅಷ್ಟಕ್ಕೇ ನಿಲ್ಲುವುದಿಲ್ಲ. ಹಿಂದಿನ ಸೂತ್ರದಲ್ಲಿ ಬಂದ ಸುಖ, ದುಃಖ, ಜೀವಿತ, ಮರಣಗಳೆಂಬ ನಾಲ್ಕನ್ನೂ ಜೀವಗಳು ಪರಸ್ಪರ ಉಂಟುಮಾಡುತ್ತವೆಂದು ಸೂಚಿಸುತ್ತಾರೆ. ಅಂದರೆ ಒಂದು ಜೀವವು ಇನ್ನೊಂದರ ಬಾಳಿಗೂ ಅಳಿವಿಗೂ ನಿಮಿತ್ತವಾಗಬಲ್ಲದು.

ಯಾವ ಅರ್ಥ ಸತ್ಯಕ್ಕೆ ಹತ್ತಿರವೆಂಬುದನ್ನು ಯಲಹಂಕದ ಸಮೀಪದ ಜಕ್ಕೂರು ಕೆರೆಯ ಬಳಿ ಕಾಣಬಹುದು. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಡನೆ ಆರಂಭವಾದ ಘಟಕದಲ್ಲಿ ಸಂಸ್ಕರಿತವಾದ ಕೊಳಚೆನೀರು ಜೌಗುಪ್ರದೇಶವನ್ನು ಹಾದು ಕೆರೆಯನ್ನು ಸೇರುವಂತೆ ಅಲ್ಲಿ ವ್ಯವಸ್ಥೆ ಮಾಡಲಾಯಿತು. ಜೊಂಡು ಮತ್ತು ಪಾಚಿಗಳು ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳನ್ನು ಹೀರಿಕೊಳ್ಳುತ್ತವೆ. ಪಾಚಿಯಿಂದ ಸಣ್ಣ ಜಲಜೀವಿಗಳು, ಅವುಗಳಿಂದ ಮೀನು, ಮೀನಿನಿಂದ ನೀರುಕಾಗೆ ಮತ್ತು ಮಿಂಚುಳ್ಳಿ ಬದುಕುತ್ತವೆ. ಸತ್ತುದನ್ನು ಸೂಕ್ಷ್ಮಜೀವಿಗಳು ಕೊಳೆಯಿಸಿ ಮತ್ತೆ ಗಿಡದ ಆಹಾರವಾಗಿಸುತ್ತವೆ. ಇಲ್ಲಿ ಆಸರೆಯೂ ಇದೆ, ಮರಣವೂ ಇದೆ.

ಈ ಕ್ರಮವನ್ನರಿಯದ ದಯೆ ಹಾನಿಗೆ ಕಾರಣವಾಗಬಹುದು. ಶ್ರದ್ಧಾವಂತರು ಪುಣ್ಯವೆಂದು ಬಗೆದು ಮೀನುಗಳಿಗೆ ಎಸೆಯುವ ಕಡಲೆಪುರಿ, ಬ್ರೆಡ್ಡುಗಳಲ್ಲಿ ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ರಾತ್ರಿ ಪಾಚಿಯು ಆಮ್ಲಜನಕವನ್ನು ಕೊಡುವುದಿಲ್ಲ, ತಾನೂ ಬಳಸುತ್ತದೆ. ಆದ್ದರಿಂದ ಬೆಳಗಿನ ಜಾವ ಮೀನುಗಳು ಉಸಿರಿಗಾಗಿ ಮೇಲೆ ಬರುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂಥ ದುರಂತಗಳಿಗೆ ಕೊಳಚೆನೀರೇ ಮುಖ್ಯ ಕಾರಣ, ಹಿಡಿ ಪುರಿಯಲ್ಲ; ಆದರೂ ಎರಡೂ ಮಾಡುವ ಕೆಲಸ ಒಂದೇ ಜಾತಿಯದು.

ಘೋಷಣೆಯು ದಯೆ, ದಾನ, ಮಿತಭೋಗಗಳನ್ನು ಬೋಧಿಸುತ್ತದೆ. ದಯೆಯು ಫಲಿಸುವ ಬಗೆಯನ್ನು ಅರಿಯುವ ಹೊಣೆಯನ್ನು ಅದು ಅಷ್ಟೇ ಒತ್ತಿ ಹೇಳಬೇಕಿತ್ತು. ದಾನ ಕೊಟ್ಟುದನ್ನು ಖರ್ಚಿನ ಬಾಬಿನಲ್ಲಿ ಬರೆದ ಮಾತ್ರಕ್ಕೆ ಲೆಕ್ಕ ಮುಗಿಯದು. ಅದು ತಲುಪಿದ ಕಡೆ ಏನಾಯಿತೆಂಬುದನ್ನೂ ನೋಡಬೇಕು. ಅಭಿಷೇಕದ ಹಾಲೂ ಭೋಜನಶಾಲೆಯ ನೀರೂ ಯಾವ ಕಾಲುವೆಗೆ ಹರಿಯುತ್ತವೆಂದು ಬಸದಿಗಳ ಟ್ರಸ್ಟುಗಳು ವಿಚಾರಿಸುವುದು ಉಚಿತ.

ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೇದಿದ ಬಾವಿಗೇ ಮರಳಿಸುವ ಆಚಾರವನ್ನು ಪೂರ್ವಿಕರು ಪಾಲಿಸಿದರು. ಪ್ರತಿಯೊಂದು ಜೀವಕ್ಕೂ ಅದರದೇ ನೆಲೆಯುಂಟೆಂಬ ಅರಿವು ಆ ಆಚಾರದಲ್ಲಿದೆ. ಪರಸ್ಪರೋಪಗ್ರಹದ ಸರಿಯಾದ ಭಾಷ್ಯವೂ ಅದೇ.