ಅಫೇಸಿಯಾ, ಅರ್ಥಗಾರಿಕೆ ಮತ್ತು ಕುಂದಗನ್ನಡ: ಯಾಕೋಬ್‌ಸನ್ ವಾದದ ಪರಿಶೀಲನೆ

ಮೆದುಳಿಗೆ ಪೆಟ್ಟಾದಾಗ ತಲೆದೋರುವ ಅಫೇಸಿಯಾ ಎಂಬ ಭಾಷಾದೋಷವನ್ನು ಆಧರಿಸಿ ರೋಮನ್ ಯಾಕೋಬ್‌ಸನ್ 1956ರಲ್ಲಿ ಮಂಡಿಸಿದ ವಾದ ಜಾನಪದ ವಿದ್ವಾಂಸರಿಗೆ ಅಪರಿಚಿತವಲ್ಲ. ತಕ್ಕ ಪದವನ್ನು ಆಯ್ದುಕೊಳ್ಳುವ ಶಕ್ತಿ ಕುಂದಿದವರದು ಒಂದು ಬಗೆ. ಆಯ್ದ ಪದಗಳನ್ನು ವಾಕ್ಯವಾಗಿ ಜೋಡಿಸಲಾರದವರದು ಇನ್ನೊಂದು. ಮೊದಲನೆಯದರಲ್ಲಿ ರೂಪಕ ಸೋಲುತ್ತದೆ, ಎರಡನೆಯದರಲ್ಲಿ ವ್ಯಾಕರಣ ಕಳಚಿಬೀಳುತ್ತದೆ. ಒಗಟಿನ ವಿಶ್ಲೇಷಣೆಗೆ ಈ ವಿಭಜನೆ ಚೆನ್ನಾಗಿ ಒದಗುತ್ತದೆ. ಪ್ರದರ್ಶನದ ವಿಶ್ಲೇಷಣೆಗೆ ಅಷ್ಟಾಗಿ ಅಲ್ಲ.

ಹೊಸದೊಂದು ವಾಕ್ಯ ಕಟ್ಟಲಾರದ ರೋಗಿ ಪ್ರಾರ್ಥನೆ, ಬೈಗುಳಗಳನ್ನು ಸಲೀಸಾಗಿ ನುಡಿಯಬಲ್ಲನೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಹ್ಯೂಲಿಂಗ್ಸ್ ಜಾಕ್ಸನ್ ಗುರುತಿಸಿದ್ದರು. ಮಾತು ಹೊರಡದವರು ಹಾಡಬಲ್ಲರೆಂಬುದೂ ವೈದ್ಯರಿಗೆ ತಿಳಿದದ್ದೇ. ಬಾಯಿಪಾಠದ ನುಡಿಯೂ ಆ ಕ್ಷಣಕ್ಕೆ ಹುಟ್ಟುವ ನುಡಿಯೂ ಮೆದುಳಿನಲ್ಲಿ ಒಂದೇ ದಾರಿ ಹಿಡಿಯುವುದಿಲ್ಲವೆಂಬ ಈ ಸಂಗತಿ ಯಾಕೋಬ್‌ಸನ್ನರ ಎರಡು ಬಗೆಗಳಲ್ಲಿ ಯಾವುದಕ್ಕೂ ಸುಲಭವಾಗಿ ಸಲ್ಲದು. ಕುಂದಾಪುರ ಸೀಮೆಯ ಬಡಗುತಿಟ್ಟಿನ ಯಕ್ಷಗಾನದಲ್ಲಾದರೋ ಈ ಭೇದಕ್ಕೆ ಹೆಸರೇ ಇದೆ. ಭಾಗವತರು ಹಾಡುವುದು ಪ್ರಸಂಗದಲ್ಲಿ ಮೊದಲೇ ನಿಂತ ಪದ್ಯ. ಎದುರುಪಾತ್ರದ ಮಾತಿಗೆ ತಕ್ಕಂತೆ ವೇಷಧಾರಿ ರಂಗದಲ್ಲೇ ಕಟ್ಟುವುದು ‘ಅರ್ಥ’. (ಅರ್ಥಗಾರಿಕೆಯಲ್ಲೂ ಸಿದ್ಧ ನುಡಿಗಟ್ಟುಗಳು ಧಾರಾಳವಾಗಿವೆ, ಗೆರೆ ಕಟ್ಟುನಿಟ್ಟಾದುದಲ್ಲ.)

ಇನ್ನೊಂದು ತೊಡಕು ಹೆಚ್ಚು ಗಂಭೀರವಾದುದು. ವ್ಯಾಕರಣ ಕಳಚಿತೆನ್ನಲು ಯಾವ ವ್ಯಾಕರಣ ಅಳತೆಗೋಲು? ಕನ್ನಡದ ಕ್ರಿಯಾಪದದ ಕಾಲ, ಪುರುಷ, ಲಿಂಗಗಳೆಲ್ಲ ಪ್ರತ್ಯಯದಲ್ಲೇ ನೆಲೆಸಿವೆಯಾಗಿ ದೋಷವನ್ನು ಅಲ್ಲಿಯೇ ಹುಡುಕಬೇಕಾಗುತ್ತದೆ. ‘ಹೋಗಬೇಕು’ ಎಂಬುದು ಕುಂದಗನ್ನಡದಲ್ಲಿ ‘ಹೋಯ್ಕ್’, ‘ಬರಬೇಕು’ ಎಂಬುದು ‘ಬರ್ಕ್’. ಇಲ್ಲಿ ರೂಪ ಅಡಕವಾಗಿದೆ, ಅರ್ಥದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಗ್ರಾಂಥಿಕ ರೂಪವನ್ನೇ ಪ್ರಮಾಣವಾಗಿಸಿದ ಪರೀಕ್ಷೆ ಬೈಂದೂರಿನ ಆರೋಗ್ಯವಂತರಲ್ಲೂ ದೋಷ ಕಂಡೀತು. ಇದರ ಮಗ್ಗುಲಿನ ಅಪಾಯವೂ ಸಣ್ಣದಲ್ಲ: ರೋಗಿ ನಿಜವಾಗಿಯೂ ಕಳೆದುಕೊಂಡ ಪ್ರತ್ಯಯ ‘ಅದು ಆ ಕಡೆಯವರ ಮಾತಿನ ರೀತಿ’ ಎಂಬ ಉಪೇಕ್ಷೆಯಲ್ಲಿ ಮುಚ್ಚಿಹೋಗಿ, ಚಿಕಿತ್ಸೆಯೇ ತಪ್ಪಬಹುದು.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳು ಕನ್ನಡಕ್ಕೆ ಈ ಶಾಸ್ತ್ರವನ್ನು ತಂದವು. ಆದರೆ ರೋಗಿಯ ಮಾತನ್ನು ತೂಗಬೇಕಾದುದು ಅವನ ಮನೆಮಾತಿನೊಡನೆ. ಜಾನಪದ ಕ್ಷೇತ್ರಕಾರ್ಯಕರ್ತರು ಕತೆ, ಹಾಡುಗಳಿಗಾಗಿ ಧ್ವನಿಮುದ್ರಣ ಮಾಡುವಾಗ ಪಠ್ಯವಲ್ಲವೆಂದು ಬದಿಗಿಡುವ ಕುಶಲೋಪರಿಯ ಮಾತುಗಳು ಈ ತೂಕಕ್ಕೆ ಬೇಕಾದ ಆಕರಗಳಾಗಿವೆ.