ಕಾವ್ಯದಲ್ಲಿ ವಿವಾಹ: ಹಿರಿಯರ ನಿಶ್ಚಯವೂ ಕಿರಿಯರ ಅನುರಾಗವೂ

ಹಿರಿಯರು ನಿಶ್ಚಯಿಸಿದ ಮದುವೆ ಮೇಲೋ, ವಧೂವರರು ತಾವೇ ಒಲಿದು ಮಾಡಿಕೊಂಡ ಮದುವೆ ಮೇಲೋ ಎಂಬ ವಾದವು ಕಾದಂಬರಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಒಂದು ಪಕ್ಷದ ಕಥೆಗಳಲ್ಲಿ ತಂದೆತಾಯಿಗಳೆಲ್ಲರೂ ಕಠಿನಹೃದಯರು; ಇನ್ನೊಂದು ಪಕ್ಷದವುಗಳಲ್ಲಿ ಒಲಿದವರೆಲ್ಲರೂ ಅವಿವೇಕಿಗಳು. ತೀರ್ಪು ಮೊದಲೇ ಸಿದ್ಧವಾಗಿರುವ ಇಂತಹ ಕಥೆಗಳಲ್ಲಿ ಪಾತ್ರಗಳಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಪೂರ್ವಕವಿಗಳು ಈ ವಿಷಯವನ್ನು ಇಷ್ಟು ಸುಲಭವೆಂದು ಎಣಿಸಲಿಲ್ಲ.

ಧರ್ಮಶಾಸ್ತ್ರಕಾರರು ಹೇಳಿದ ಅಷ್ಟವಿಧ ವಿವಾಹಗಳಲ್ಲಿ ಗಾಂಧರ್ವವೂ ಒಂದು. ಕಾಳಿದಾಸನ ಶಕುಂತಲೆಯದು ಈ ಬಗೆಯ ವಿವಾಹ. ಕಣ್ವರು ಸೋಮತೀರ್ಥಕ್ಕೆ ಹೋಗಿದ್ದಾಗ ನಡೆದ ಅದನ್ನು ಅವರು ಹಿಂದಿರುಗಿ ಬಂದು ಅನುಮೋದಿಸುತ್ತಾರೆಯೇ ಹೊರತು ಮಗಳನ್ನು ಗದರಿಸುವುದಿಲ್ಲ. ಆದಕಾರಣ ಕವಿಯು ಅನುರಾಗವನ್ನೇ ದೂಷಿಸಿದನೆನ್ನುವುದು ಸಲ್ಲದು. ಆದರೆ ದುಷ್ಯಂತನ ಮುಂದೆ ನಿಂತ ಶಕುಂತಲೆಗೆ ಕುರುಹಾಗಿದ್ದುದು ಒಂದು ಉಂಗುರ ಮಾತ್ರ. ಅದೂ ದಾರಿಯಲ್ಲಿ ನೀರುಪಾಲಾಗಿತ್ತು. ಶಾಪವಶದಿಂದ ರಾಜನು ಮರೆತರೆ ಅವನ ಸಿಂಹಾಸನಕ್ಕೆ ಕುಂದಿಲ್ಲ. ಗರ್ಭಿಣಿಯಾದ ಆಕೆಗಾದರೋ ಆ ಗಳಿಗೆಯಲ್ಲಿ ಪತಿಗೃಹವೂ ಇಲ್ಲ, ತವರೂ ಇಲ್ಲ. ಜೊತೆಗೆ ಬಂದ ಶಾರ್ಙ್ಗರವನೇ ಆಕೆಯನ್ನು ಅಲ್ಲಿ ಬಿಟ್ಟು ಹೊರಡುತ್ತಾನೆ.

ಭವಭೂತಿಯು ಹತ್ತು ಅಂಕಗಳ ‘ಮಾಲತೀಮಾಧವ’ ಪ್ರಕರಣದಲ್ಲಿ ಇದೇ ಸಮಸ್ಯೆಯನ್ನು ಬೇರೊಂದು ಮಗ್ಗುಲಿನಿಂದ ನೋಡಿದ್ದಾನೆ. ಭೂರಿವಸು, ದೇವರಾತ ಎಂಬ ಗೆಳೆಯರು ವಿದ್ಯಾರ್ಥಿದೆಸೆಯಲ್ಲಿಯೇ ತಮ್ಮ ಮಕ್ಕಳಿಗೆ ಪರಸ್ಪರ ಮದುವೆ ಮಾಡುವೆವೆಂದು ಮಾತು ಕೊಟ್ಟಿದ್ದಾರೆ. ಮಕ್ಕಳೂ ಒಬ್ಬರನ್ನೊಬ್ಬರು ಕಂಡು ಒಲಿದಿದ್ದಾರೆ. ಆದರೂ ರಾಜನು ತನ್ನ ನರ್ಮಸಖನಾದ ನಂದನನಿಗೆಂದು ಮಾಲತಿಯನ್ನು ಕೇಳಿದಾಗ, ಅಮಾತ್ಯ ಭೂರಿವಸುವು ಇಲ್ಲವೆನ್ನಲಾರದೆ ಎರಡರ್ಥದ ಉತ್ತರ ಕೊಡುತ್ತಾನೆ. ಅದರ ಒಳಮರ್ಮವನ್ನರಿಯದ ಮಾಲತಿಯು, ತಂದೆಗೆ ಮಗಳಿಗಿಂತ ರಾಜನ ಮೆಚ್ಚುಗೆಯೇ ಹೆಚ್ಚಾಯಿತೆಂದು ಕೊರಗುತ್ತಾಳೆ. ಕುಲಕ್ಕೆ ಕಳಂಕ ತರುವುದಕ್ಕೂ ಒಪ್ಪಲಾರಳು. ಪರಿವ್ರಾಜಿಕೆ ಕಾಮಂದಕಿಯು ಶಕುಂತಲೆಯ ವೃತ್ತಾಂತವನ್ನು ಆಕೆಯ ಕಿವಿಗೆ ಬೀಳುವಂತೆ ಹೇಳಿ, ಅದು ಸಾಹಸವಾದುದರಿಂದ ಉಪದೇಶಿಸತಕ್ಕದ್ದಲ್ಲವೆಂದು ತಾನೇ ಸೇರಿಸುತ್ತಾಳೆ. ಹಳೆಯ ಕಥೆಗೆ ಭವಭೂತಿಯು ಬರೆದ ವಿಮರ್ಶೆಯೆಂದೇ ಈ ಮಾತನ್ನು ಓದಬಹುದು. ಕೊನೆಗೆ ಮಾಲತೀಮಾಧವರ ಮದುವೆ ಕೂಡಿಬರುವುದು, ಅವರ ಬೆನ್ನಿಗೆ ಈ ಹಿರಿಯಳು ನಿಂತುದರಿಂದ.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿಗಳಲ್ಲೊಂದಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಈ ಪ್ರಶ್ನೆಯನ್ನು ನಾಟಕಶಾಲೆಯಿಂದ ನಮ್ಮ ಮನೆಯ ಹಜಾರಕ್ಕೆ ತಂದಿತು. ಇಂದಿರೆಯ ಬಾಲ್ಯವಿವಾಹವನ್ನು ನಿಶ್ಚಯಿಸಿದವರು ಹಿರಿಯರು. ವೈಧವ್ಯವನ್ನು ಅನುಭವಿಸಬೇಕಾದವಳು ಮಾತ್ರ ಆಕೆ. ಮನೆ ಬಿಟ್ಟು ಬಂದ ಆಕೆ ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು ಭಾಸ್ಕರನನ್ನು ವರಿಸುತ್ತಾಳೆ. ಉಪದೇಶದ ಭಾರದಿಂದ ಕಥೆಯು ಅಲ್ಲಲ್ಲಿ ಕುಗ್ಗುವುದುಂಟು. ಆದರೂ ಎರಡನೆಯ ಮದುವೆಯಲ್ಲಿ ಆಕೆಯ ಸಮ್ಮತಿಯನ್ನೂ ಹಿರಿಯರ ಬೆಂಬಲವನ್ನೂ ಒಟ್ಟಿಗೆ ತಂದಿರಿಸಿದುದು ಗ್ರಂಥಕರ್ತರ ವಿವೇಕ.

ಈ ಮೂರು ಕೃತಿಗಳನ್ನು ಕೂಡಿಸಿ ಓದಿದವರಿಗೆ, ವರನನ್ನು ಆರಿಸಿದವರು ಯಾರೆಂಬ ಪ್ರಶ್ನೆ ಚಿಕ್ಕದಾಗಿ ತೋರುತ್ತದೆ. ಕನ್ಯೆಯ ಮನಸ್ಸನ್ನು ಕೇಳಿದರೇ? ಆಯ್ಕೆ ಕೈಕೊಟ್ಟ ದಿನ ಆಕೆಯ ಪಕ್ಕದಲ್ಲಿ ನಿಲ್ಲುವವರು ಯಾರು? ಪ್ರೇಮವಿವಾಹವನ್ನು ಹೊಗಳುವ ಕಾದಂಬರಿಕಾರರು ಎರಡನೆಯ ಪ್ರಶ್ನೆಯನ್ನೂ, ಹಿರಿಯರ ಪಕ್ಷ ವಹಿಸುವವರು ಮೊದಲನೆಯದನ್ನೂ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಎರಡಕ್ಕೂ ಉತ್ತರ ಹುಡುಕುವ ಕಥೆಯನ್ನು ತಂದೆಯೂ ಮಗಳೂ ಒಂದೇ ಮನೆಯಲ್ಲಿ ಕುಳಿತು ಓದಬಹುದು.