ಕೆಂಪು ಚೀಲಕ್ಕೆ ಎಷ್ಟು ಅಂಕ?

ಪ್ರವಾಸದ ಹಿಂದಿನ ಸಂಜೆ ಮೆಡಿಕಲ್ ಸ್ಟೋರಿನಲ್ಲಿ ಕೆಂಪು ಜಿಪ್ ಚೀಲವೊಂದನ್ನು ಕೊಂಡು, ಪ್ರಥಮ ಚಿಕಿತ್ಸೆಯ ಏರ್ಪಾಡು ಮುಗಿಯಿತೆಂದು ನೆಮ್ಮದಿಯಾಗುವವರು ಬಹಳ. ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿ, ಹಳೇಬೀಡು, ಬೇಲೂರು ನೋಡಿ ಬರುವ ದಾರಿಯಲ್ಲಿ ಆ ಚೀಲವನ್ನು ಒರೆಗೆ ಹಚ್ಚಿದರೆ ಅರ್ಧ ಅಂಕ ಕೊಡಬಹುದು, ಅಷ್ಟೆ.

ಇಲ್ಲಿ ಮೊದಲು ಪೆಟ್ಟು ತಿನ್ನುವುದು ಪಾದ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೂ ಗುಡಿಯ ಸುತ್ತಲ ಕಲ್ಲುಕಟ್ಟೆಯಾದ ಜಗತಿಯ ಮೇಲೆ ಬರಿಗಾಲಲ್ಲೇ ನಡೆಯಬೇಕು. ಏಪ್ರಿಲ್ ಮಧ್ಯಾಹ್ನದ ಕಾದ ಚಪ್ಪಡಿ ಮಕ್ಕಳ ಅಂಗಾಲಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಬೊಬ್ಬೆ ಒಡೆಯದೆ, 20 ನಿಮಿಷ ತಣ್ಣೀರು ಹರಿಸಿ, ಗಾಯಕ್ಕೆ ಅಂಟದ ಗಾಜ್ ಇಟ್ಟು ಸಡಿಲವಾಗಿ ಸುತ್ತಬೇಕು. ಸಿದ್ಧ ಚೀಲಗಳಲ್ಲಿ ಸಾಮಾನ್ಯವಾಗಿ ಇರುವುದು ಹತ್ತಿ ಉಂಡೆ ಮತ್ತು ಬೆರಳಗಲದ ಪ್ಲಾಸ್ಟರ್. ಹತ್ತಿಯ ಎಳೆ ಹಸಿ ಗಾಯಕ್ಕೆ ಅಂಟುತ್ತದೆ. ಪ್ಲಾಸ್ಟರ್ ಅಂಗಾಲಿನ ಬೆವರಿಗೆ ನಾಲ್ಕು ಹೆಜ್ಜೆಯಲ್ಲಿ ಕಳಚುತ್ತದೆ. ಮೆಟ್ಟಿಲಲ್ಲಿ ಕಾಲು ಉಳುಕಿದರೆ ಬೇಕಾಗುವ ಕ್ರೇಪ್ ಬ್ಯಾಂಡೇಜ್ ಎಷ್ಟೋ ಚೀಲಗಳಲ್ಲಿ ಇರುವುದೇ ಇಲ್ಲ.

ಇನ್ನು ಬಿಸಿಲು, ವಾಂತಿ, ಭೇದಿ. ಇವಕ್ಕೆ ಒಆರ್‌ಎಸ್‌ಗಿಂತ ಅಗ್ಗದ, ಒಳ್ಳೆಯ ಮದ್ದಿಲ್ಲ. ಆದರೆ ಒಂದು ಲೀಟರಿನ ದೊಡ್ಡ ಪೊಟ್ಟಣವನ್ನು ಲೋಟ ನೀರಿಗೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಪೊಟ್ಟಣದ ಜೊತೆಗೆ ಒಂದು ಲೀಟರ್ ಬಾಟಲಿಯೂ ಇರಲಿ.

ಕೆಲವು ಕಿಟ್‌ಗಳಲ್ಲಿ ಹಾವಿನ ವಿಷ ಹೀರುವ ಪಂಪ್ ಇರುತ್ತದೆ. ಅದನ್ನು ತೆಗೆದು ಎಸೆಯಬೇಕು. ಹೀರುವುದು, ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎಲ್ಲವೂ ಹಾನಿ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕಡಿತವಾದ ಕೈಕಾಲು ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸುವುದೇ ಚಿಕಿತ್ಸೆ. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್; ಪಂಪ್ ಹಿಡಿದು ಕೂತ ಪ್ರತಿ ನಿಮಿಷವೂ ನಷ್ಟ.

ಬೆಲೆ ಕಟ್ಟಲಾಗದ ವಸ್ತುವೊಂದಿದೆ: ಸಾಬೂನು. ನಾಯಿಯೋ ಕೋತಿಯೋ ಕಚ್ಚಿದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ರೇಬೀಸ್ ಲಸಿಕೆಗೆ ಹೋಗಬೇಕು. ಸಾಬೂನು ಇರುವ ಸಿದ್ಧ ಚೀಲ ಅಪರೂಪ.

ಹಾಗೆಂದು ಚೀಲ ಬೇಡವೆನ್ನಲಾರೆ. ಕತ್ತರಿ, ಕೈಗವಸು, ಚಿಮಟ, ಟೇಪ್ ಒಂದೆಡೆ ಸಿಗುವುದು ದೊಡ್ಡ ಅನುಕೂಲ. ಹತ್ತಿ ತೆಗೆದು ಗಾಜ್, ಕ್ರೇಪ್, ಒಆರ್‌ಎಸ್, ಸಾಬೂನು, ಮನೆಯವರ ನಿತ್ಯದ ಮಾತ್ರೆಗಳನ್ನು ಸೇರಿಸಿ. ಅವಧಿ ಮುಗಿದದ್ದನ್ನು ಬಿಸಾಡಿ. ಶೈಕ್ಷಣಿಕ ಪ್ರವಾಸಕ್ಕೆ ಬಸ್ ತುಂಬ ಮಕ್ಕಳನ್ನು ಕರೆತರುವ ಮೇಷ್ಟ್ರುಗಳಂತೂ ಹೊರಡುವ ಮುನ್ನ ಚೀಲ ಬಿಚ್ಚಿ, ಒಂದೊಂದನ್ನೂ ಬಳಸುವುದು ಹೇಗೆಂದು ಕಲಿತಿರಬೇಕು. ಬಳಸಲು ಬಾರದ ನೂರು ಸಾಮಾನಿಗಿಂತ ಬಳಸಲು ಬರುವ ಹತ್ತು ಸಾಮಾನಿನ ಚೀಲವನ್ನೇ ನಾನು ಮೇಲೆನ್ನುತ್ತೇನೆ.